ನೋವಿಲ್ಲದಾಗಲೇ ತಪಾಸಣೆ: ಮಹಿಳೆಯರ ಆರೋಗ್ಯಕ್ಕೆ ಮರಾಠವಾಡದ ಹಳ್ಳಿಗಳು ಕಲಿಸಿದ ಪಾಠ

ಮಹಾರಾಷ್ಟ್ರದಲ್ಲಿ ಅಂಬಡ್ ಎಂಬ ಹೆಸರಿನ ಎರಡು ಸ್ಥಳಗಳಿವೆ. ಒಂದು ನಾಸಿಕ ನಗರದ ಅಂಚಿನಲ್ಲಿರುವ ಕೈಗಾರಿಕಾ ವಸಾಹತು. ಇನ್ನೊಂದು ಜಾಲ್ನಾ ಜಿಲ್ಲೆಯ ತಾಲ್ಲೂಕು ಕೇಂದ್ರ. ಇದು ಛತ್ರಪತಿ ಸಂಭಾಜಿನಗರ ವಿಭಾಗಕ್ಕೆ, ಅಂದರೆ ಮರಾಠವಾಡ ಪ್ರದೇಶಕ್ಕೆ ಸೇರಿದೆ. ಮೊದಲನೆಯ ಊರಿನ ಮಹಿಳೆ ಕಾರ್ಖಾನೆಯ ಪಾಳಿಯನ್ನು ತಪ್ಪಿಸಲಾರಳು. ಎರಡನೆಯ ಊರಿನ ಮಹಿಳೆ ಹೊಲದ ಕೂಲಿಯನ್ನು ಬಿಡಲಾರಳು. ದುಡಿಮೆ ಬೇರೆಯಾದರೂ ಆರೋಗ್ಯದ ವಿಷಯದಲ್ಲಿ ಇಬ್ಬರ ನಡವಳಿಕೆಯೂ ಒಂದೇ. ಕೆಲಸ ಮಾಡಲಾಗದಷ್ಟು ನೋವು ಬಂದಾಗ ಮಾತ್ರ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಕರ್ನಾಟಕದ ಮಹಿಳೆಯರ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ನೋವು ಕಾಣಿಸಿಕೊಂಡ ನಂತರ ವೈದ್ಯರನ್ನು ಹುಡುಕುವುದು ಚಿಕಿತ್ಸೆಯ ಮಾರ್ಗ. ನೋವಿಲ್ಲದಾಗಲೇ ದೇಹವನ್ನು ಪರೀಕ್ಷಿಸಿಕೊಳ್ಳುವುದು ಮುನ್ನೆಚ್ಚರಿಕೆಯ ಮಾರ್ಗ. ಈ ಎರಡನೆಯ ಮಾರ್ಗವು ಬಡ, ಗ್ರಾಮೀಣ ಮಹಿಳೆಯರ ಪ್ರಾಣವನ್ನು ಉಳಿಸಬಲ್ಲದೇ ಎಂಬ ಪ್ರಶ್ನೆಗೆ ಜಗತ್ತಿಗೆ ಒಂದು ಸ್ಪಷ್ಟ ಉತ್ತರ ದೊರೆತದ್ದು ದೊಡ್ಡ ನಗರದ ಆಸ್ಪತ್ರೆಯಲ್ಲಲ್ಲ. ಅಂಬಡ್ ಇರುವ ಇದೇ ಮರಾಠವಾಡದ ಬರಪೀಡಿತ ಹಳ್ಳಿಗಳಲ್ಲಿ. ಆ ಅಧ್ಯಯನವನ್ನೂ, ಅದರಿಂದ ಸಾಮಾನ್ಯ ಕುಟುಂಬಗಳು ತಿಳಿಯಬೇಕಾದ ಅಂಶಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಕನ್ನಡಿಗರಿಗೆ ಈ ಪ್ರದೇಶ ಅಪರಿಚಿತವಲ್ಲ. 1956ರವರೆಗೆ ಔರಂಗಾಬಾದ್, ಬೀಡ್, ಉಸ್ಮಾನಾಬಾದ್ ಜಿಲ್ಲೆಗಳು ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೊಂದಿಗೆ ಒಂದೇ ಹೈದರಾಬಾದ್ ಸಂಸ್ಥಾನ ಹಾಗೂ ರಾಜ್ಯದಲ್ಲಿದ್ದವು. ಪಕ್ಕದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಇಂದಿಗೂ ಕನ್ನಡ ಮನೆಮಾತಾಗಿರುವ ಕುಟುಂಬಗಳು ಅನೇಕ. ಮಳೆ, ಬೆಳೆ, ದುಡಿಮೆ, ಸಂಸಾರದ ರೀತಿ ಇವೆಲ್ಲವೂ ಗಡಿಯ ಎರಡು ಬದಿಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿವೆ.

ಸದ್ದಿಲ್ಲದೆ ಬೆಳೆಯುವ ರೋಗ

ಗರ್ಭಕೋಶದ ಕೆಳತುದಿಯಲ್ಲಿರುವ ಕಿರಿದಾದ ಭಾಗಕ್ಕೆ ಗರ್ಭಕಂಠ ಎಂದು ಹೆಸರು. ಈ ಭಾಗದಲ್ಲಿ ಉಂಟಾಗುವ ಕ್ಯಾನ್ಸರ್ ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ನಂತರ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಆಗಿದೆ. ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 1,27,000 ಮಹಿಳೆಯರಿಗೆ ಈ ರೋಗ ಹೊಸದಾಗಿ ತಗುಲಿತು. ಸುಮಾರು 80,000 ಮಹಿಳೆಯರು ಇದರಿಂದ ಮೃತಪಟ್ಟರು.

ಈ ರೋಗಕ್ಕೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಸಂಕ್ಷೇಪವಾಗಿ ಎಚ್‌ಪಿವಿ. ಈ ಸಂಬಂಧವನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಅತಿ ಸಾಮಾನ್ಯವಾದುದು. ದಾಂಪತ್ಯ ಜೀವನ ನಡೆಸುವ ಯಾವ ಸ್ತ್ರೀಪುರುಷರಿಗೂ ಅದು ತಗುಲಬಹುದು. ಆದುದರಿಂದ ವೈರಸ್ ಪತ್ತೆಯಾದ ಮಾತ್ರಕ್ಕೆ ಮಹಿಳೆಯ ಅಥವಾ ಆಕೆಯ ಪತಿಯ ನಡತೆಯನ್ನು ಶಂಕಿಸುವುದು ಸರ್ವಥಾ ತಪ್ಪು. ಬಹುಪಾಲು ಮಹಿಳೆಯರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಒಂದೆರಡು ವರ್ಷಗಳಲ್ಲಿ ವೈರಸ್ಸನ್ನು ನಿವಾರಿಸುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು ಗರ್ಭಕಂಠದ ಜೀವಕೋಶಗಳಲ್ಲಿ ಮಾರ್ಪಾಡನ್ನು ಉಂಟುಮಾಡುತ್ತದೆ. ಈ ಮಾರ್ಪಾಡು ಕ್ಯಾನ್ಸರ್ ಆಗಿ ಪರಿಣಮಿಸಲು ಸಾಮಾನ್ಯವಾಗಿ 10ರಿಂದ 20 ವರ್ಷಗಳು ಬೇಕಾಗುತ್ತವೆ.

ಈ ದೀರ್ಘ ಅವಧಿಯೇ ರೋಗದ ಅಪಾಯವೂ ಹೌದು, ನಿವಾರಣೆಯ ಅವಕಾಶವೂ ಹೌದು. ಈ ವರ್ಷಗಳಲ್ಲಿ ಮಹಿಳೆಗೆ ನೋವಿರುವುದಿಲ್ಲ, ರಕ್ತಸ್ರಾವವಿರುವುದಿಲ್ಲ, ಆಯಾಸವೂ ಇರುವುದಿಲ್ಲ. ಆದುದರಿಂದ ಆಕೆ ಪರೀಕ್ಷೆಗೆ ಹೋಗುವುದಿಲ್ಲ. ಆದರೆ ಇದೇ ಅವಧಿಯಲ್ಲಿ ಮಾರ್ಪಾಡು ಪತ್ತೆಯಾದರೆ ಅದನ್ನು ಆಸ್ಪತ್ರೆಯಲ್ಲಿ ತಂಗದೆಯೇ, ಕೆಲವೇ ನಿಮಿಷಗಳ ಚಿಕಿತ್ಸೆಯಿಂದ ನಿವಾರಿಸಬಹುದು. ಕ್ಯಾನ್ಸರ್ ಬರುವ ಮುನ್ನವೇ ಅದನ್ನು ತಡೆಯಬಹುದಾದ ಇಂತಹ ಅನುಕೂಲ ಎಲ್ಲ ಕ್ಯಾನ್ಸರುಗಳಲ್ಲಿಯೂ ಇಲ್ಲ.

ಬಾರ್ಶಿಯ ನೋಂದಣಿ ಪುಸ್ತಕ

ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಪಟ್ಟಣದಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 1987ರಲ್ಲಿ ಇಲ್ಲಿ ಗ್ರಾಮೀಣ ಕ್ಯಾನ್ಸರ್ ನೋಂದಣಿಯನ್ನು ಆರಂಭಿಸಲಾಯಿತು. ದೇಶದ ಗ್ರಾಮೀಣ ಪ್ರದೇಶದಲ್ಲಿ ಸ್ಥಾಪಿತವಾದ ಮೊದಲ ನೋಂದಣಿ ಇದು. ಬಾರ್ಶಿ, ಪರಂಡಾ, ಭೂಮ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಯಾರಿಗೆ ಕ್ಯಾನ್ಸರ್ ಬಂದಿದೆ, ಯಾವ ಹಂತದಲ್ಲಿ ಪತ್ತೆಯಾಯಿತು, ರೋಗಿ ಎಷ್ಟು ಕಾಲ ಬದುಕಿದರು ಎಂಬ ವಿವರಗಳನ್ನು ಕ್ಷೇತ್ರ ಕಾರ್ಯಕರ್ತರು ಹಳ್ಳಿಹಳ್ಳಿಗೆ ತೆರಳಿ ಸಂಗ್ರಹಿಸತೊಡಗಿದರು.

ಹಳ್ಳಿಗಳಲ್ಲಿ ರೋಗಿಗಳು ತಾವಾಗಿ ಆಸ್ಪತ್ರೆಗೆ ಬರುವುದು ವಿರಳವಾಗಿತ್ತು. ಆದಕಾರಣ ಕಾರ್ಯಕರ್ತರು ಕೇವಲ ಲೆಕ್ಕ ಬರೆದುಕೊಂಡು ಹಿಂದಿರುಗಲಿಲ್ಲ. ಅಕಾಲದಲ್ಲಿ ರಕ್ತ ಕಾಣಿಸುವುದು, ಮುಟ್ಟು ನಿಂತ ನಂತರ ಮತ್ತೆ ರಕ್ತಸ್ರಾವವಾಗುವುದು, ದುರ್ವಾಸನೆಯ ಬಿಳಿಸೆರಗು ಮುಂತಾದ ಲಕ್ಷಣಗಳನ್ನು ಊರಿನವರಿಗೆ ತಿಳಿಸಿ, ಅಂತಹವರನ್ನು ಆಸ್ಪತ್ರೆಗೆ ಕಳುಹಿಸುವ ಕಾರ್ಯವನ್ನೂ ಕೈಗೊಂಡರು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಆರಂಭದ ಹಂತಗಳಲ್ಲಿಯೇ ಪತ್ತೆಯಾಗುವ ಪ್ರಮಾಣ ಹೆಚ್ಚಿತು. ಯಾವ ದುಬಾರಿ ಯಂತ್ರವೂ ಇಲ್ಲದೆ, ಕೇವಲ ತಿಳಿವಳಿಕೆಯಿಂದ ಇದು ಸಾಧ್ಯವಾದುದು ಗಮನಾರ್ಹ. ಆದರೆ ಲಕ್ಷಣಗಳು ಕಾಣಿಸಿಕೊಳ್ಳುವ ಹೊತ್ತಿಗೆ ರೋಗವು ಬೇರೂರಿರುತ್ತದೆ. ಲಕ್ಷಣಗಳಿಗಿಂತ ಮುಂಚೆಯೇ ಅದನ್ನು ಹಿಡಿಯಲು ಯಾವ ಪರೀಕ್ಷೆ ಸೂಕ್ತ ಎಂಬುದು ಮುಂದಿನ ಪ್ರಶ್ನೆಯಾಯಿತು.

1,31,746 ಮಹಿಳೆಯರ ಅಧ್ಯಯನ

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು 1999ರ ಅಕ್ಟೋಬರ್‌ನಲ್ಲಿ ಅಂದಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ ವ್ಯಾಪಕವಾದ ಅಧ್ಯಯನವೊಂದು ಪ್ರಾರಂಭವಾಯಿತು. ಈ ಜಿಲ್ಲೆಗೆ 2023ರಲ್ಲಿ ಧಾರಾಶಿವ ಎಂದು ಮರುನಾಮಕರಣ ಮಾಡಲಾಗಿದೆ. ಬಾರ್ಶಿಯ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಹಾಗೂ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದರಲ್ಲಿ ಸಹಭಾಗಿಗಳಾದವು. ಡಾ. ಆರ್. ಶಂಕರನಾರಾಯಣನ್, ಡಾ. ಬಿ. ಎಂ. ನೆನೆ ಮೊದಲಾದವರು ಇದನ್ನು ನಡೆಸಿದರು.

ಜಿಲ್ಲೆಯ ಹಳ್ಳಿಗಳನ್ನು 52 ಸಮೂಹಗಳಾಗಿ ವಿಂಗಡಿಸಿ, 30ರಿಂದ 59 ವರ್ಷ ವಯಸ್ಸಿನ 1,31,746 ಆರೋಗ್ಯವಂತ ಮಹಿಳೆಯರನ್ನು ಅಧ್ಯಯನಕ್ಕೆ ಒಳಪಡಿಸಲಾಯಿತು. ಈ ಸಮೂಹಗಳನ್ನು ಚೀಟಿ ಎತ್ತುವ ರೀತಿಯಲ್ಲಿ ನಾಲ್ಕು ಗುಂಪುಗಳಿಗೆ ಹಂಚಲಾಯಿತು. ಮೊದಲ ಗುಂಪಿಗೆ ಎಚ್‌ಪಿವಿ ಪರೀಕ್ಷೆ; ಎರಡನೆಯದಕ್ಕೆ ಗರ್ಭಕಂಠದಿಂದ ತೆಗೆದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ; ಮೂರನೆಯದಕ್ಕೆ ದುರ್ಬಲ ಅಸಿಟಿಕ್ ಆಮ್ಲವನ್ನು ಲೇಪಿಸಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ. ನಾಲ್ಕನೆಯ ಗುಂಪಿನ ಮಹಿಳೆಯರಿಗೆ ಆಗ ಲಭ್ಯವಿದ್ದ ಸಾಮಾನ್ಯ ಆರೋಗ್ಯ ಸೇವೆ ಮಾತ್ರ ದೊರೆಯಿತು. ಅವರನ್ನು ಹೋಲಿಕೆಗಾಗಿ ಇರಿಸಿಕೊಳ್ಳಲಾಗಿತ್ತು. ಪ್ರತಿ ಮಹಿಳೆಗೆ ಪರೀಕ್ಷೆ ನಡೆದದ್ದು ಒಂದೇ ಬಾರಿ. ದೋಷ ಕಂಡುಬಂದವರಿಗೆ ಮುಂದಿನ ತಪಾಸಣೆ ಮತ್ತು ಚಿಕಿತ್ಸೆಯ ವ್ಯವಸ್ಥೆ ಮಾಡಲಾಯಿತು.

ಎಂಟು ವರ್ಷಗಳ ಅವಧಿಯ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ಪರೀಕ್ಷೆಯ ಗುಂಪಿನ 34,126 ಮಹಿಳೆಯರ ಪೈಕಿ ಗರ್ಭಕಂಠದ ಕ್ಯಾನ್ಸರಿನಿಂದ ಮೃತಪಟ್ಟವರು 34. ತಪಾಸಣೆ ಇಲ್ಲದ ಗುಂಪಿನ 31,488 ಮಹಿಳೆಯರ ಪೈಕಿ ಮೃತಪಟ್ಟವರು 64. ಮುಂದುವರಿದ ಹಂತದ ಕ್ಯಾನ್ಸರ್ ಮೊದಲ ಗುಂಪಿನಲ್ಲಿ 39 ಮಂದಿಗೆ, ತಪಾಸಣೆ ಇಲ್ಲದ ಗುಂಪಿನಲ್ಲಿ 82 ಮಂದಿಗೆ ಕಂಡುಬಂದಿತು. ಅಂದರೆ ಜೀವಮಾನದಲ್ಲಿ ಒಂದೇ ಒಂದು ಬಾರಿ ನಡೆದ ಪರೀಕ್ಷೆಯು ಸಾವಿನ ಪ್ರಮಾಣವನ್ನು ಸುಮಾರು ಅರ್ಧದಷ್ಟು ಇಳಿಸಿತು. ಇನ್ನುಳಿದ ಎರಡು ಪರೀಕ್ಷೆಗಳ ಗುಂಪುಗಳಲ್ಲಿ ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಲಿಲ್ಲ. ಆ ಪರೀಕ್ಷೆಗಳಲ್ಲಿ ದೋಷವಿಲ್ಲವೆಂದು ತಿಳಿಸಲ್ಪಟ್ಟ ಮಹಿಳೆಯರಿಗೆ ನಂತರ ಕ್ಯಾನ್ಸರ್ ಬಂದ ಪ್ರಮಾಣವು, ಎಚ್‌ಪಿವಿ ಇಲ್ಲವೆಂದು ತಿಳಿದವರಿಗೆ ಹೋಲಿಸಿದರೆ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು.

ಆದರೆ ಆಮ್ಲ ಲೇಪನದ ಪರೀಕ್ಷೆ ನಿರರ್ಥಕ ಎಂದು ಇದರಿಂದ ಭಾವಿಸಬಾರದು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಈ ಪರೀಕ್ಷೆಯಿಂದಲೇ ಗರ್ಭಕಂಠದ ಕ್ಯಾನ್ಸರಿನ ಸಾವು ಶೇಕಡ 35ರಷ್ಟು ಇಳಿಯಿತೆಂದು 2007ರಲ್ಲಿ ವರದಿಯಾಯಿತು. ಮುಂಬಯಿಯ ಕೊಳೆಗೇರಿಗಳಲ್ಲಿ 1998ರಿಂದ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಇದೇ ಪರೀಕ್ಷೆಯನ್ನು ಮಾಡಿದಾಗ ಸಾವು ಶೇಕಡ 31ರಷ್ಟು ಕಡಿಮೆಯಾಯಿತು. ಬರಿಗಣ್ಣಿನ ಪರೀಕ್ಷೆಯ ಫಲವು ಪರೀಕ್ಷಿಸುವವರ ತರಬೇತಿ, ಅದರ ಪುನರಾವರ್ತನೆ ಹಾಗೂ ಅನಂತರದ ಚಿಕಿತ್ಸೆ ಇವುಗಳನ್ನು ಅವಲಂಬಿಸಿದೆ ಎಂಬುದೇ ಇಲ್ಲಿ ಗ್ರಹಿಸಬೇಕಾದ ಅಂಶ.

ಈ ಅಧ್ಯಯನಗಳ ಕುರಿತು ವೈದ್ಯಕೀಯ ನೀತಿಯ ದೃಷ್ಟಿಯಿಂದ ಟೀಕೆಗಳೂ ಬಂದವು. ಹೋಲಿಕೆಗಾಗಿ ಒಂದು ಗುಂಪನ್ನು ತಪಾಸಣೆಯಿಲ್ಲದೆ ಬಿಡುವುದು ಸರಿಯೇ ಎಂದು ಕೆಲವು ತಜ್ಞರು ಪ್ರಶ್ನಿಸಿದರು. ಆಗ ದೇಶದಲ್ಲಿ ವ್ಯವಸ್ಥಿತ ತಪಾಸಣೆಯೇ ಇರಲಿಲ್ಲ ಎಂಬುದು ಸಂಶೋಧಕರ ಉತ್ತರವಾಗಿತ್ತು. ಈ ವಾದ ಏನೇ ಇರಲಿ, ಒಂದು ಮಾತು ನಿರ್ವಿವಾದ. ಈ ಜ್ಞಾನ ಸುಲಭವಾಗಿ ದೊರೆತದ್ದಲ್ಲ. ಅದಕ್ಕೆ ಬೆಲೆ ತೆತ್ತವರು ಹಳ್ಳಿಯ ಮಹಿಳೆಯರು. ಅದನ್ನು ಉಪಯೋಗಿಸದೆ ಬಿಟ್ಟರೆ ಆ ಬೆಲೆ ವ್ಯರ್ಥವಾದಂತೆ.

ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇಕಡ 1.9 ಮಾತ್ರ. ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇಕಡ 0.9. ಪರೀಕ್ಷೆಯ ಉಪಯುಕ್ತತೆ ಸಿದ್ಧವಾಗಿ ಹತ್ತು ವರ್ಷಗಳು ಕಳೆದ ನಂತರದ ಸ್ಥಿತಿ ಇದು.

ತಪಾಸಣೆ ಇಲ್ಲದಿದ್ದರೆ ಭಯವೇ ನಿರ್ಣಾಯಕ

ತಪಾಸಣೆಯ ಅಭಾವದಿಂದ ಆಗುವ ಹಾನಿ ಕೇವಲ ತಡವಾಗಿ ಪತ್ತೆಯಾಗುವ ಕ್ಯಾನ್ಸರ್ ಅಲ್ಲ. ಜಾಲ್ನಾ ಜಿಲ್ಲೆಯ ಅಂಬಡ್ ತಾಲ್ಲೂಕಿನ ದಕ್ಷಿಣಕ್ಕೆ ಗೋದಾವರಿ ನದಿಯನ್ನು ದಾಟಿದರೆ ಬೀಡ್ ಜಿಲ್ಲೆ ಸಿಗುತ್ತದೆ. ಈ ಭಾಗದಿಂದ ಪ್ರತಿ ವರ್ಷ ಮಳೆಗಾಲದ ನಂತರ ಲಕ್ಷಾಂತರ ಕುಟುಂಬಗಳು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಪ್ರದೇಶಕ್ಕೂ ವಲಸೆ ಹೋಗುತ್ತವೆ. ಪತಿಪತ್ನಿಯರ ಜೋಡಿಯನ್ನು ಒಂದು ಕೋಯ್ತಾ, ಅಂದರೆ ಒಂದು ಕುಡುಗೋಲು ಎಂದು ಎಣಿಸಿ ಗುತ್ತಿಗೆದಾರನು ಮುಂಗಡ ಹಣ ಕೊಡುತ್ತಾನೆ. ಒಬ್ಬರು ಒಂದು ದಿನ ಕೆಲಸ ತಪ್ಪಿಸಿದರೂ ಕೂಲಿ ಕಡಿತವಾಗುತ್ತದೆ, ದಂಡವೂ ಬೀಳುತ್ತದೆ. ಹೊಲದ ಬದಿಯ ಗುಡಿಸಲಿನಲ್ಲಿ ಸ್ನಾನಕ್ಕೂ ಶೌಚಕ್ಕೂ ಸೌಕರ್ಯವಿಲ್ಲದೆ, ಮುಟ್ಟಿನ ದಿನಗಳಲ್ಲಿಯೂ ಭಾರ ಹೊರುವ ಮಹಿಳೆಯರಿಗೆ ಬಿಳಿಸೆರಗು, ಸೋಂಕು, ಹೊಟ್ಟೆನೋವು ಸಾಮಾನ್ಯವಾದ ತೊಂದರೆಗಳಾಗಿವೆ.

ಇಂತಹ ತೊಂದರೆಗಾಗಿ ವೈದ್ಯರ ಬಳಿ ಹೋದ ಅನೇಕ ಮಹಿಳೆಯರಿಗೆ, ಗರ್ಭಕೋಶ ಕೆಟ್ಟಿದೆ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂಬ ಹೆದರಿಕೆಯ ಮಾತು ಕೇಳಿಬಂದಿತು. 2019ರಲ್ಲಿ ಮಹಾರಾಷ್ಟ್ರ ಸರ್ಕಾರವು ಈ ಬಗ್ಗೆ ವಿಚಾರಣೆಗಾಗಿ ಸಮಿತಿಯನ್ನು ನೇಮಿಸಿತು. ಬೀಡ್ ಜಿಲ್ಲೆಯಲ್ಲಿ ಸಮೀಕ್ಷೆಗೊಳಪಟ್ಟ ಸುಮಾರು 82,000 ಕಬ್ಬು ಕಡಿಯುವ ಮಹಿಳೆಯರಲ್ಲಿ 13,000ಕ್ಕೂ ಹೆಚ್ಚು ಮಂದಿಯ ಗರ್ಭಕೋಶವನ್ನು ಶಸ್ತ್ರಚಿಕಿತ್ಸೆಯ ಮೂಲಕ ತೆಗೆದುಹಾಕಲಾಗಿತ್ತು. ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಈ ಶಸ್ತ್ರಚಿಕಿತ್ಸೆಗೆ ಒಳಗಾದವರು ನೂರಕ್ಕೆ ಮೂವರ ಆಸುಪಾಸು ಇದ್ದರೆ, ಇಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು. ಕರ್ನಾಟಕದ ಕಲಬುರಗಿ ಜಿಲ್ಲೆಯಿಂದಲೂ ಇಂತಹ ದೂರುಗಳು ಕೇಳಿಬಂದು ತನಿಖೆ ನಡೆದಿತ್ತು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಅನಗತ್ಯವಾದ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಅದನ್ನು ಜಾರಿಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು.

ಗರ್ಭಕೋಶವನ್ನು ತೆಗೆಯುವುದು ಕೆಲವು ರೋಗಗಳಲ್ಲಿ ಅನಿವಾರ್ಯವಾಗಿದ್ದು ಪ್ರಾಣರಕ್ಷಕವೂ ಆಗಿದೆ. ಆದರೆ ಬರೀ ಬಿಳಿಸೆರಗಿಗೆ ಅದು ಚಿಕಿತ್ಸೆಯಲ್ಲ. ಬಹಳಷ್ಟು ಸೋಂಕುಗಳು ಮಾತ್ರೆಗಳಿಂದ ಗುಣವಾಗುತ್ತವೆ. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ಅಕಾಲದಲ್ಲಿ ನಿಂತು, ಮೂಳೆಗಳು ದುರ್ಬಲಗೊಳ್ಳುತ್ತವೆ. ಹೃದ್ರೋಗದ ಸಂಭವವೂ ಹೆಚ್ಚುತ್ತದೆ. ತಪಾಸಣೆಯ ಫಲಿತಾಂಶವನ್ನು ಕೈಯಲ್ಲಿ ಹಿಡಿದ ಮಹಿಳೆಯನ್ನು ಕ್ಯಾನ್ಸರಿನ ಹೆಸರು ಹೇಳಿ ಹೆದರಿಸುವುದು ಸುಲಭವಲ್ಲ. ಆದ್ದರಿಂದ ತಪಾಸಣೆಯು ರೋಗವಿದ್ದವರಿಗೆ ಎಚ್ಚರಿಕೆಯಾದರೆ, ರೋಗವಿಲ್ಲದವರಿಗೆ ರಕ್ಷಣೆಯೂ ಹೌದು. ಗರ್ಭಕೋಶ ತೆಗೆಸಬೇಕೆಂಬ ಸಲಹೆ ಬಂದಾಗ ಕಾರಣವೇನು, ಬೇರೆ ಚಿಕಿತ್ಸೆ ಇದೆಯೇ, ಅಂಡಾಶಯಗಳನ್ನು ಉಳಿಸಲಾಗುವುದೇ ಎಂಬ ಪ್ರಶ್ನೆಗಳನ್ನು ಕೇಳುವುದು, ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯುವುದು ಪ್ರತಿಯೊಬ್ಬ ಮಹಿಳೆಯ ಹಕ್ಕು.

ತಪಾಸಣೆ ನಡೆಯುವ ಕ್ರಮ

2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಪ್ರಕಟಿಸಿದ ಕಾರ್ಯಸೂಚಿಯ ಪ್ರಕಾರ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಗಳಿಗೊಮ್ಮೆ ಬಾಯಿ, ಸ್ತನ ಮತ್ತು ಗರ್ಭಕಂಠದ ತಪಾಸಣೆ ನಡೆಯಬೇಕು. ಆಶಾ ಕಾರ್ಯಕರ್ತೆಯು ಮನೆಗೆ ಭೇಟಿ ನೀಡಿ 30 ವರ್ಷ ದಾಟಿದವರ ವಿವರಗಳನ್ನು ನಮೂನೆಯಲ್ಲಿ ತುಂಬಿಕೊಳ್ಳುತ್ತಾರೆ. ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, 2023ರಿಂದ ಆಯುಷ್ಮಾನ್ ಆರೋಗ್ಯ ಮಂದಿರಗಳೆಂದು ಕರೆಯಲಾಗುವ ಕೇಂದ್ರಗಳಲ್ಲಿ ಹಾಗೂ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಸಲು ಉದ್ದೇಶಿಸಲಾಗಿದೆ. ಎಚ್‌ಐವಿ ಸೋಂಕುಳ್ಳ ಮಹಿಳೆಯರು ಇನ್ನೂ ಮುಂಚೆ, 25ನೆಯ ವಯಸ್ಸಿನಿಂದಲೇ ತಪಾಸಣೆ ಪ್ರಾರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ಗರ್ಭಕಂಠದ ಪರೀಕ್ಷೆಯ ಬಗ್ಗೆ ಮಹಿಳೆಯರಲ್ಲಿರುವ ಸಂಕೋಚ ಸಹಜವಾದುದು. ಪರೀಕ್ಷೆಯನ್ನು ಪರದೆಯ ಮರೆಯಲ್ಲಿ, ಸಾಮಾನ್ಯವಾಗಿ ದಾದಿ ಅಥವಾ ವೈದ್ಯೆಯೇ ಮಾಡುತ್ತಾರೆ. ಮಹಿಳೆಯನ್ನು ಮಲಗಿಸಿ, ಒಂದು ಸಣ್ಣ ಉಪಕರಣದಿಂದ ಯೋನಿಮಾರ್ಗವನ್ನು ತೆರೆದು, ಗರ್ಭಕಂಠಕ್ಕೆ ಶೇಕಡ 3ರಿಂದ 5ರಷ್ಟು ಅಸಿಟಿಕ್ ಆಮ್ಲವಿರುವ ದ್ರಾವಣವನ್ನು ಹತ್ತಿಯಿಂದ ಲೇಪಿಸಲಾಗುತ್ತದೆ. ಇದು ಅಡುಗೆಯ ವಿನೆಗರ್‌ನಷ್ಟೇ ಸೌಮ್ಯವಾದುದು. ಸುಮಾರು ಒಂದು ನಿಮಿಷದ ನಂತರ ದೀಪದ ಬೆಳಕಿನಲ್ಲಿ ನೋಡಿದಾಗ, ಮಾರ್ಪಾಡಾದ ಭಾಗವಿದ್ದರೆ ಅದು ಬಿಳಿಯಾಗಿ ಕಾಣುತ್ತದೆ. ಸ್ವಲ್ಪ ಉರಿ ಅಥವಾ ಅಸೌಖ್ಯದ ಹೊರತು ನೋವಿರುವುದಿಲ್ಲ. ಅರಿವಳಿಕೆ ಬೇಕಾಗಿಲ್ಲ, ಕೊಯ್ಯುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ ಮನೆಗೆಲಸಕ್ಕೂ ಹೊಲಕ್ಕೂ ಹೋಗಬಹುದು. ಮುಟ್ಟಿನ ದಿನಗಳನ್ನು ಬಿಟ್ಟು ಪರೀಕ್ಷೆಗೆ ಹೋಗುವುದು ಒಳಿತು. ಮುಟ್ಟು ನಿಂತ ಮಹಿಳೆಯರಲ್ಲಿ ನೋಡಬೇಕಾದ ಭಾಗ ಒಳಸರಿದಿರುವುದರಿಂದ ಈ ವಿಧಾನ ಅಷ್ಟು ಸಮರ್ಪಕವಲ್ಲ. ಅವರಿಗೆ ಎಚ್‌ಪಿವಿ ಅಥವಾ ಪ್ಯಾಪ್ ಪರೀಕ್ಷೆ ಸೂಕ್ತ. ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಲೂ ಸಾಧ್ಯವಿದೆ.

ಬಿಳಿ ಭಾಗ ಕಂಡುಬಂದರೆ ಅಥವಾ ವೈರಸ್ ಪತ್ತೆಯಾದರೆ ಅದು ಕ್ಯಾನ್ಸರ್ ಎಂದು ಅರ್ಥವಲ್ಲ. ಉಸ್ಮಾನಾಬಾದ್ ಅಧ್ಯಯನದಲ್ಲಿ ಎಚ್‌ಪಿವಿ ಪರೀಕ್ಷೆಗೊಳಗಾದ ನೂರು ಮಂದಿಯಲ್ಲಿ ಸುಮಾರು 10, ಆಮ್ಲ ಲೇಪನದ ಪರೀಕ್ಷೆಗೊಳಗಾದ ನೂರು ಮಂದಿಯಲ್ಲಿ ಸುಮಾರು 14 ಮಹಿಳೆಯರನ್ನು ಮುಂದಿನ ಪರೀಕ್ಷೆಗೆ ಕರೆಯಬೇಕಾಯಿತು. ಅವರಲ್ಲಿ ಬಹುತೇಕರಿಗೆ ಕ್ಯಾನ್ಸರ್ ಇರಲಿಲ್ಲ. ಮಾರ್ಪಾಡಾದ ಭಾಗವನ್ನು ಅತಿಶೀತದಿಂದ ಅಥವಾ ಶಾಖದಿಂದ ನಾಶಪಡಿಸುವ ಚಿಕಿತ್ಸೆ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಇದರಿಂದ ಗರ್ಭಕೋಶಕ್ಕೆ ಧಕ್ಕೆಯಾಗುವುದಿಲ್ಲ. ಚಿಕಿತ್ಸೆಯ ನಂತರ ಕೆಲವು ವಾರ ನೀರಿನಂತಹ ಸ್ರಾವವಿರಬಹುದು. ಒಂದು ತಿಂಗಳ ಕಾಲ ದಾಂಪತ್ಯ ಸಂಪರ್ಕವನ್ನು ವರ್ಜಿಸಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಕರೆ ಬಂದ ದಿನ ತಪ್ಪದೆ ಹೋಗುವುದು. ಪರೀಕ್ಷೆ ಮಾಡಿಸಿಕೊಂಡು ಚಿಕಿತ್ಸೆಗೆ ಹೋಗದಿದ್ದರೆ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ಇತರ ತಪಾಸಣೆಗಳು

ಆರೋಗ್ಯ ಕೇಂದ್ರಕ್ಕೆ ಹೋದ ಅದೇ ದಿನ ಇನ್ನೂ ಕೆಲವು ತಪಾಸಣೆಗಳನ್ನು ಮಾಡಿಸಿಕೊಳ್ಳಬಹುದು.

ಸ್ತನ: ತರಬೇತಿ ಪಡೆದ ಕಾರ್ಯಕರ್ತೆಯು ಕೈಯಿಂದ ಮುಟ್ಟಿ ಪರೀಕ್ಷಿಸುತ್ತಾರೆ. ಮೇಲೆ ಹೇಳಿದ ಮುಂಬಯಿಯ ಅಧ್ಯಯನದಲ್ಲಿ ಸ್ತನ ಪರೀಕ್ಷೆಯನ್ನೂ ಸೇರಿಸಲಾಗಿತ್ತು. 2021ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಈ ಸರಳ ಪರೀಕ್ಷೆಯಿಂದ 50 ವರ್ಷ ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡ 30ರಷ್ಟು ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಅಂತಹ ಇಳಿಕೆ ಕಾಣಲಿಲ್ಲ. ನೋವಿಲ್ಲದ ಗಂಟು, ಚರ್ಮ ಕುಗ್ಗುವುದು, ತೊಟ್ಟು ಒಳಸೇರುವುದು, ತೊಟ್ಟಿನಿಂದ ರಕ್ತ ಬರುವುದು ಇವುಗಳಲ್ಲಿ ಯಾವುದು ಕಂಡರೂ ವಯಸ್ಸನ್ನು ನೋಡದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಬಾಯಿ: ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕಿಕೊಳ್ಳುವವರು, ಮಹಾರಾಷ್ಟ್ರದ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಮಿಶ್ರಿ ಎಂಬ ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವವರು ವಿಶೇಷವಾಗಿ ಎಚ್ಚರದಿಂದಿರಬೇಕು. ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟವಾಗುವುದು ಅಪಾಯದ ಸೂಚನೆಗಳು.

ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ: ಇವೂ ಸದ್ದಿಲ್ಲದೆ ಬೆಳೆಯುವ ರೋಗಗಳೇ. ರಕ್ತದೊತ್ತಡ ಪದೇ ಪದೇ 140/90 ಅಥವಾ ಅದಕ್ಕೂ ಮೇಲಿದ್ದರೆ, ಬರಿಹೊಟ್ಟೆಯ ರಕ್ತದ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ವೈದ್ಯರ ಸಲಹೆ ಅವಶ್ಯ.

ರಕ್ತಹೀನತೆ: 2019–21ರ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡ 57ರಷ್ಟು, ಕರ್ನಾಟಕದಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇರಬಾರದು. ಸುಸ್ತು, ಏದುಸಿರು, ತಲೆಸುತ್ತು ಇವು ಹೆಣ್ಣಿಗೆ ಸಹಜ ಎಂದು ಸುಮ್ಮನಿರುವುದು ಸರಿಯಲ್ಲ.

ಮುಂದಿನ ತಲೆಮಾರಿಗೆ ಲಸಿಕೆ

ಗರ್ಭಕಂಠದ ಕ್ಯಾನ್ಸರಿನ ವಿರುದ್ಧ ಲಸಿಕೆಯೂ ಲಭ್ಯವಿದೆ. ಇದನ್ನು 9ರಿಂದ 14 ವರ್ಷದ ಬಾಲಕಿಯರಿಗೆ, ವೈರಸ್ ತಗುಲುವ ಸಂಭವ ಬರುವ ಮುನ್ನವೇ ಕೊಡುವುದು ಅತ್ಯಂತ ಫಲಕಾರಿ. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಸೆರ್ವಾವ್ಯಾಕ್ ಎಂಬ ಸ್ವದೇಶಿ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಲಸಿಕೆಯ ಸಂಶೋಧನೆಯಲ್ಲಿಯೂ ಬಾರ್ಶಿಯ ಪಾತ್ರವಿದೆ. 2009ರಲ್ಲಿ ಆರಂಭವಾದ ಬಹುಕೇಂದ್ರ ಅಧ್ಯಯನವೊಂದು 2010ರ ಏಪ್ರಿಲ್‌ನಲ್ಲಿ ನಡುವೆಯೇ ನಿಂತುಹೋದಾಗ ಅನೇಕ ಬಾಲಕಿಯರಿಗೆ ಒಂದೇ ಡೋಸ್ ದೊರೆತಿತ್ತು. ಹತ್ತು ವರ್ಷಗಳ ನಂತರವೂ ಅವರಿಗೆ ದೊರೆತ ರಕ್ಷಣೆ, ಹೆಚ್ಚು ಡೋಸ್ ಪಡೆದವರಿಗೆ ದೊರೆತ ರಕ್ಷಣೆಗೆ ಸರಿಸಮಾನವಾಗಿತ್ತೆಂದು 2021ರಲ್ಲಿ ತಿಳಿದುಬಂದಿತು. ಒಂದು ಡೋಸ್ ಸಾಕಾಗಬಹುದು ಎಂಬ ತೀರ್ಮಾನಕ್ಕೆ ಜಗತ್ತು ಬರಲು ಈ ಭಾರತೀಯ ಬಾಲಕಿಯರ ಅನುಭವವೂ ಒಂದು ಆಧಾರವಾಯಿತು. ಲಸಿಕೆ ಪಡೆದವರೂ ಮುಂದೆ ತಪಾಸಣೆಯನ್ನು ಕೈಬಿಡಬಾರದು.

2030ರ ವೇಳೆಗೆ ಶೇಕಡ 90ರಷ್ಟು ಬಾಲಕಿಯರಿಗೆ 15 ವರ್ಷದೊಳಗೆ ಲಸಿಕೆ, ಶೇಕಡ 70ರಷ್ಟು ಮಹಿಳೆಯರಿಗೆ 35 ಮತ್ತು 45ನೆಯ ವಯಸ್ಸಿನೊಳಗೆ ಉತ್ತಮ ಗುಣಮಟ್ಟದ ತಪಾಸಣೆ, ದೋಷ ಕಂಡ ಶೇಕಡ 90ರಷ್ಟು ಮಹಿಳೆಯರಿಗೆ ಚಿಕಿತ್ಸೆ ದೊರೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಘೋಷಿಸಿದ ಗುರಿ.

ಕುಟುಂಬದ ಮತ್ತು ಊರಿನ ಹೊಣೆ

ಮಹಿಳೆ ತಪಾಸಣೆಗೆ ಹೋಗದಿರಲು ಅಜ್ಞಾನವೊಂದೇ ಕಾರಣವಲ್ಲ. ಅರ್ಧ ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬರುತ್ತದೆ, ಮನೆಯಲ್ಲಿ ಮಕ್ಕಳನ್ನು ನೋಡುವವರಿಲ್ಲ, ಚೆನ್ನಾಗಿರುವವಳಿಗೆ ಆಸ್ಪತ್ರೆ ಏಕೆಂದು ಅತ್ತೆ ಕೇಳುತ್ತಾರೆ. ಈ ಅಡೆತಡೆಗಳನ್ನು ಮಹಿಳೆ ಒಬ್ಬಳೇ ನಿವಾರಿಸಲಾರಳು. ಪತಿ ಅಂದಿನ ಮನೆಗೆಲಸವನ್ನು ವಹಿಸಿಕೊಳ್ಳಬಹುದು. ಅತ್ತೆಯೂ ಸೊಸೆಯೂ ಒಟ್ಟಿಗೆ ಹೋಗಬಹುದು. 65 ವರ್ಷದವರೆಗೆ ಇಬ್ಬರಿಗೂ ತಪಾಸಣೆ ಅವಶ್ಯವೇ. ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯರು ಒಂದು ದಿನ ಗೊತ್ತುಮಾಡಿ ಗುಂಪಾಗಿ ಹೋದರೆ ಸಂಕೋಚವೂ ಖರ್ಚೂ ಕಡಿಮೆಯಾಗುತ್ತದೆ. ವಲಸೆ ಹೋಗುವ ಕುಟುಂಬಗಳಿರುವ ಊರುಗಳಲ್ಲಿ, ಜನರು ಊರಿನಲ್ಲಿರುವ ಮಳೆಗಾಲದ ತಿಂಗಳುಗಳಲ್ಲಿಯೇ ಶಿಬಿರ ನಡೆಸುವಂತೆ ಗ್ರಾಮ ಪಂಚಾಯಿತಿಯು ಆರೋಗ್ಯ ಇಲಾಖೆಯನ್ನು ಕೋರಬಹುದು. ಕಾರ್ಖಾನೆಗಳ ಆಡಳಿತವು ಈ ತಪಾಸಣೆಗಾಗಿ ಅರ್ಧ ದಿನದ ಸವೇತನ ಬಿಡುವು ಕೊಟ್ಟರೆ, ನಾಸಿಕದ ಅಂಬಡ್‌ನಂತಹ ಕೈಗಾರಿಕಾ ವಸಾಹತುಗಳ ಸಾವಿರಾರು ಮಹಿಳೆಯರಿಗೆ ಅನುಕೂಲವಾದೀತು.

ನೆನಪಿಡಬೇಕಾದ ಅಂಶಗಳು

1. ತಪಾಸಣೆ ರೋಗಿಗಳಿಗಲ್ಲ, ಆರೋಗ್ಯವಾಗಿರುವವರಿಗೆ.
2. 30 ವರ್ಷ ದಾಟಿದ ಮಹಿಳೆ ಐದು ವರ್ಷಗಳಿಗೊಮ್ಮೆ ಗರ್ಭಕಂಠ, ಸ್ತನ, ಬಾಯಿಯ ತಪಾಸಣೆ ಮಾಡಿಸಿಕೊಳ್ಳಬೇಕು. ರಕ್ತದೊತ್ತಡ, ಸಕ್ಕರೆಯ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸುವುದು ಒಳಿತು.
3. ಪರೀಕ್ಷೆಯಲ್ಲಿ ದೋಷ ಕಂಡರೆ ಕ್ಯಾನ್ಸರ್ ಎಂದರ್ಥವಲ್ಲ. ಮುಂದಿನ ಪರೀಕ್ಷೆ ಮತ್ತು ಚಿಕಿತ್ಸೆಗೆ ತಪ್ಪದೆ ಹೋಗಬೇಕು.
4. ಮುಟ್ಟು ನಿಂತ ನಂತರ, ಎರಡು ಮುಟ್ಟುಗಳ ನಡುವೆ ಅಥವಾ ದಾಂಪತ್ಯ ಸಂಪರ್ಕದ ನಂತರ ರಕ್ತ ಕಂಡರೆ ಶಿಬಿರಕ್ಕಾಗಿ ಕಾಯದೆ ವೈದ್ಯರನ್ನು ಕಾಣಬೇಕು.
5. ಎರಡನೆಯ ಅಭಿಪ್ರಾಯವಿಲ್ಲದೆ ಗರ್ಭಕೋಶ ತೆಗೆಸಲು ಆತುರಪಡಬಾರದು.

ಬಾರ್ಶಿಯ ಕಾರ್ಯಕರ್ತರು ನೋಂದಣಿ ಪುಸ್ತಕವನ್ನು ಹಿಡಿದು ಹಳ್ಳಿಗಳಿಗೆ ಹೊರಟಾಗ ಅವರಿಗೆ ದೊರೆಯುತ್ತಿದ್ದುದು ಹೆಚ್ಚಾಗಿ ತಡವಾಗಿ ಪತ್ತೆಯಾದ ರೋಗಗಳ ಲೆಕ್ಕ. ಇಂದು ಲೆಕ್ಕವನ್ನು ಬದಲಿಸುವ ಉಪಾಯ ತಿಳಿದಿದೆ. ಅದು ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ದೊರೆಯಬೇಕೆಂಬುದು ಸರ್ಕಾರದ ನೀತಿಯೂ ಆಗಿದೆ. ಈ ಲೇಖನವನ್ನು ಓದಿದವರು ತಮ್ಮ ಮನೆಯಲ್ಲಿ 30 ವರ್ಷ ದಾಟಿದ ಮಹಿಳೆಯರನ್ನು ಎಣಿಸಿ, ಅವರಲ್ಲಿ ಯಾರ ತಪಾಸಣೆ ಆಗಿಲ್ಲವೆಂದು ವಿಚಾರಿಸಿ, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಆ ಕಾರ್ಯ ಆರಂಭವಾದಂತೆಯೇ ಸರಿ.